ಪುಟ್ಟಿಯ ಮಂಡಿಯ ವಿಚಾರ

ಒಕ್ಲಹೋಮ ಸಿಟಿ

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನಿಗೂ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ಅಕ್ಕನ ಪತ್ರವೂ ತಲುಪಿತು.

ಫೋಟೋದಲ್ಲಿ ಪುಟ್ಟಿಯ ಎಡಮಂಡಿಯ ಬ್ಯಾಂಡೇಜನ್ನೂ ಬಲಗಾಲಿನ ಬೂಟಿನ ತುದಿ ಸವೆದಿರುವುದನ್ನೂ ಕಂಡು, ಮಗು ಕುಂಟುವಂತಾಗಿದೆ, ಆಟ ಬಿಡಿಸು ಎಂದು ನೀವು ಬರೆದದ್ದನ್ನು ಓದಿ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೂಟು ಸವೆದದ್ದು ಕುಂಟಿ ಅಲ್ಲ. ಅವಳ ಆಟ ಸಾಫ್ಟ್‌ಬಾಲ್, ಬೇಸ್‌ಬಾಲಿನಂಥದ್ದೇ, ಆದರೆ ತೋಳನ್ನು ಸುತ್ತು ತಿರುಗಿಸಿ ಚೆಂಡನ್ನು ಸೊಂಟದ ಬಳಿಯಿಂದ ಎಸೆಯುತ್ತಾರೆ. ಅದರಲ್ಲಿ ಬಲಗೈಯಿಂದ ಚೆಂಡೆಸೆಯುವವಳು ಬಲಗಾಲಿನಿಂದ ನೆಲ ಒದ್ದು ಮುಂದೆ ಚಿಮ್ಮಿದ ಮೇಲೆ ಆ ಕಾಲಿನ ಹೆಬ್ಬೆರಳ ಬದಿಯನ್ನು ಮಣ್ಣಿಗೆ ತಾಗಿಸಿಕೊಂಡೇ ಹಿಂದಿನಿಂದ ಎಳೆದುಕೊಳ್ಳುತ್ತಾಳೆ. ನಡುವೆ ಅದನ್ನು ಮತ್ತೆ ಊರಿ ಎರಡನೆಯ ಸಲ ಒದ್ದರೆ 'ಕ್ರೋ ಹಾಪ್' ಎಂದು ಅಂಪೈರ್ ತಪ್ಪು ಕೊಡುತ್ತಾರೆ.

ಅಪ್ಪ, ನೀವು ಶ್ರೀನಾಥರ ಬೌಲಿಂಗ್ ನೋಡಿದವರು. ಅವರಿಗೆ ಓಟದ ವೇಗವಿತ್ತು, ಪುಟ್ಟಿಗೆ ಓಟವೇ ಇಲ್ಲ. 24 ಇಂಚು ಉದ್ದದ ರಬ್ಬರ್ ಪಟ್ಟಿಯ ಮೇಲೆ ನಿಂತು, ಮೈಭಾರವನ್ನು ಹಿಂದಕ್ಕೆ ಸರಿಸಿ, ಒಂದೇ ಒದೆತಕ್ಕೆ ಹೆಚ್ಚುಕಡಿಮೆ ತನ್ನೆತ್ತರದಷ್ಟು ದೂರ ಹೆಜ್ಜೆ ಇಡಬೇಕು. ತೋಳು ತಲೆಯ ಮೇಲಿಂದ ಕೆಳಗಿಳಿಯುವ ಹೊತ್ತಿಗೆ ಎಡಗಾಲು ಊರಿ ಗಟ್ಟಿಯಾಗಿ ನಿಲ್ಲಬೇಕು. ಅಲ್ಲಿ ತಡೆ ಬಿದ್ದಾಗಲೇ ಮುನ್ನುಗ್ಗುತ್ತಿದ್ದ ದೇಹದ ವೇಗ ಸೊಂಟಕ್ಕೂ ಭುಜಕ್ಕೂ ಕೊನೆಗೆ ಮಣಿಕಟ್ಟಿಗೂ ಏರುತ್ತದೆ. ಕಾಲು ಸೋತರೆ ಆ ಹೊರೆಯೆಲ್ಲ ಭುಜದ ಮೇಲೆ ಬೀಳುತ್ತದೆ. ಕಾಲಿನ ಕೆಲಸ ಕಲಿಸದೆ ಚೆಂಡು ಕೊಡುವುದೇ ಅಪಾಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದದ್ದು ಇಷ್ಟು. ಈ ವರ್ಷ ಮೇಲಿನ ವಯಸ್ಸಿನ ಗುಂಪಿಗೆ ಹೋದದ್ದರಿಂದ ಎಸೆತದ ದೂರ 40 ಅಡಿಯಿಂದ 43 ಅಡಿಗೆ ಏರಿತು. ಆ ಮೂರು ಅಡಿಯನ್ನು ತುಂಬಲು ಅವಳು ಹೆಜ್ಜೆಯನ್ನು ಅತಿಯಾಗಿ ಚಾಚಿದಳು, ಪಾದ ಪೂರ್ತಿ ಅಡ್ಡವಾಗಿ ಬಿತ್ತು, ತಿರುಚಿದ ಭಾರವೆಲ್ಲ ಮಂಡಿಗೆ ಹೋಯಿತು. ಮೂಳೆಗೂ ಅಸ್ಥಿರಜ್ಜುಗೂ ಏನೂ ಆಗಿಲ್ಲವೆಂದು ವೈದ್ಯರು ಹೇಳಿದ್ದಾರೆ. ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಮೂರು ವಾರ ವಿಶ್ರಾಂತಿ ಮುಗಿದಿದೆ. ಈಗ ಚೆಂಡಿಲ್ಲದೆ, ಪಾದ ಸುಮಾರು 45 ಡಿಗ್ರಿ ಓರೆಯಾಗಿ ಮಂಡಿ ತುಸು ಬಾಗಿ ಇಳಿಯುವುದನ್ನಷ್ಟೇ ಅಭ್ಯಾಸ ಮಾಡುತ್ತಾಳೆ. ಪಾದವನ್ನು ನೇರ ಮುಂದಕ್ಕೆ ಇಟ್ಟರೆ ಸೊಂಟ ತೆರೆಯುವುದಿಲ್ಲ, ಪೂರ್ತಿ ಅಡ್ಡ ಇಟ್ಟರೆ ಮಂಡಿ ನೋಯುತ್ತದೆ. ಈಗ ಅವಳಿಗೆ ನೋವು ಖಂಡಿತ ಇಲ್ಲ, ಮೆಟ್ಟಿಲು ಹತ್ತುತ್ತಾಳೆ, ಓಡುತ್ತಾಳೆ, ಸ್ವಲ್ಪವೂ ಕುಂಟುವುದಿಲ್ಲ.

ಈ ಊರಿನಲ್ಲಿ ಪ್ರತಿವರ್ಷ ಕಾಲೇಜು ಹುಡುಗಿಯರ ಅಂತಿಮ ಪಂದ್ಯಾವಳಿ ನೋಡಲು ಕ್ರೀಡಾಂಗಣ ತುಂಬುತ್ತದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಕೂಡ ಇಲ್ಲೇ ನಡೆಯಲಿದೆ. ಇಂಥ ಕಡೆ ಅವಳನ್ನು ಆಟ ಬಿಡಿಸಲು ನನಗೆ ಮನಸ್ಸು ಬಾರದು, ಕ್ಷಮಿಸಿ.

ಅಮ್ಮ ಬಿ.ಪಿ. ಮಾತ್ರೆ ತಪ್ಪಿಸದಿರಲಿ. ಅಭ್ಯಾಸಕ್ಕೆ ಹೊತ್ತಾಯಿತು, ಪುಟ್ಟಿ ಕಾರಿನ ಬಳಿ ನಿಂತು ಕರೆಯುತ್ತಿದ್ದಾಳೆ. ಉಳಿದದ್ದು ಮುಂದಿನ ಪತ್ರದಲ್ಲಿ.

ಇತಿ ನಿಮ್ಮ ಮಗಳು