ಟೀ ಕಪ್ಪಿಗೆ ಬಿದ್ದ ಮಳೆ

ಕ್ರಾಕೋವ್, ಪೋಲೆಂಡ್
ಡಿಸೆಂಬರ್, ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಇಲ್ಲೀಗ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಆಫೀಸಿನಿಂದ ಹೊರಗೆ ಬಂದರೆ ಆಗಲೇ ರಾತ್ರಿ. ಹಾಗಾಗಿ ಓದುವುದು, ಸಿನಿಮಾ ನೋಡುವುದು ಎರಡೂ ಜಾಸ್ತಿಯಾಗಿದೆ. ಮೊನ್ನೆ ಫೋನಿನಲ್ಲಿ ನೀನು ಏನೇನು ನೋಡಿದೆ ಅಂತ ಕೇಳಿದೆ. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು ಊಟದ ವಿಚಾರಣೆ ಶುರು ಮಾಡಿದಳು. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಸ್ಟಾನಿಸ್ಲಾವ್ ಲೆಮ್ ಬರೆದ 'ಸೊಲಾರಿಸ್' ಓದಿ ಮುಗಿಸಿದೆ. 1961ರ ಕಾದಂಬರಿ. ಲೆಮ್ ಇದೇ ಊರಿನಲ್ಲಿ ಬಾಳಿದವರು, 2006ರಲ್ಲಿ ಇಲ್ಲೇ ತೀರಿಕೊಂಡರು. ಸೊಲಾರಿಸ್ ಅನ್ನುವುದು ಒಂದು ಗ್ರಹ. ಅದಕ್ಕೆ ಎರಡು ಸೂರ್ಯ, ಒಂದು ಕೆಂಪು, ಒಂದು ನೀಲಿ. (ನನಗಿಲ್ಲಿ ಒಂದನ್ನು ನೋಡುವುದೇ ಕಷ್ಟವಾಗಿದೆ.) ಆ ಗ್ರಹದ ಕಡಲೇ ಒಂದು ಜೀವ. ಮೇಲಿನ ನಿಲ್ದಾಣದಲ್ಲಿರುವ ವಿಜ್ಞಾನಿಗಳ ನೆನಪನ್ನು ಕೆದಕಿ, ಅದರಿಂದ ಮನುಷ್ಯರನ್ನು ಮಾಡಿ ಕಳಿಸುತ್ತದೆ. ಕೆಲ್ವಿನ್ ಎಂಬವನು ನಿದ್ದೆಯಿಂದ ಎದ್ದರೆ, ಹತ್ತು ವರ್ಷದ ಹಿಂದೆ ಆತ್ಮಹತ್ಯೆ ಮಾಡಿಕೊಂಡ ಹೆಂಡತಿ ಎದುರಿಗೆ ಕೂತಿದ್ದಾಳೆ. ಇದು ಶಿಕ್ಷೆಯೋ, ಉಡುಗೊರೆಯೋ, ಸುಮ್ನೆ ಆಟವೋ? ಕೊನೆವರೆಗೂ ಗೊತ್ತಾಗುವುದಿಲ್ಲ. ಆ ಕಡಲಿನ ಬಗ್ಗೆ ವಿದ್ವಾಂಸರು ವರ್ಷಗಟ್ಟಲೆ ಬರೆದು ರಾಶಿ ಹಾಕಿದ ಸಿದ್ಧಾಂತಗಳಿಗೆ ಲೆಮ್ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಒಂದೂ ಕೆಲಸಕ್ಕೆ ಬಾರದು. ನಿಮ್ಮ ಕಾಲೇಜಿನ ಸೆಮಿನಾರ್ ಮುಗಿಸಿ ಬಂದು ನೀನು ಬೈಯುವುದು ನೆನಪಾಗಿ ಒಬ್ಬನೇ ನಕ್ಕೆ.

ಓದಿ ಮುಗಿಸಿದ ವಾರವೇ, ಇದೇ ಕಾದಂಬರಿಯಿಂದ ರಷ್ಯನ್ ನಿರ್ದೇಶಕ ತಾರ್ಕೋವ್‌ಸ್ಕಿ 1972ರಲ್ಲಿ ಮಾಡಿದ ಸಿನಿಮಾ ನೋಡಲು ಸಿಕ್ಕಿತು. ಊರ ನಡುವಿನ ದೊಡ್ಡ ಚೌಕದಲ್ಲಿ ಒಂದು ಹಳೇ ಅರಮನೆ ಇದೆ, ಅದರೊಳಗೆ 'ಪೋದ್ ಬರಾನಾಮಿ' ಅಂತ ಚಿತ್ರಮಂದಿರ. ಮಾತು ರಷ್ಯನ್, ಕೆಳಗೆ ಪೋಲಿಷ್ ಅಕ್ಷರ. ನನ್ನ ಪೋಲಿಷ್ ತರಕಾರಿ ಅಂಗಡಿ ದಾಟುವುದಿಲ್ಲ. ಪುಸ್ತಕ ಓದಿದ್ದಕ್ಕೆ ಬಚಾವಾದೆ.

ಎಷ್ಟೋ ಹೊತ್ತು ಸಿನಿಮಾ ಆಕಾಶಕ್ಕೇ ಹೋಗುವುದಿಲ್ಲ ಕಣೇ. ಕೊಳದ ನೀರಿನಲ್ಲಿ ಓಲಾಡುವ ಪಾಚಿ, ಒಂದು ಕುದುರೆ, ಅಪ್ಪನ ಮನೆ. ಮಳೆ ಬರುತ್ತದೆ. ಕೆಲ್ವಿನ್ ಏಳುವುದಿಲ್ಲ. ಮೇಜಿನ ಮೇಲಿನ ಟೀ ಕಪ್ಪಿಗೂ ಮಳೆ ಬೀಳುತ್ತದೆ. ನಮ್ಮ ಜಗುಲಿಯಲ್ಲಿ ಕೂತ ಹಾಗಾಯಿತು. ಆಮೇಲೆ ಟೋಕಿಯೋ ರಸ್ತೆಯಲ್ಲಿ ಸುಮಾರು ಐದು ನಿಮಿಷ ಬರೀ ಕಾರು ಓಡುವುದು. ನನ್ನ ಪಕ್ಕದವರು ಅಲ್ಲೇ ಮಲಗಿದರು, ತಪ್ಪು ಹೇಳಲಾರೆ.

ಈ ಸಿನಿಮಾ ಕಂಡರೆ ಲೆಮ್‌ಗೆ ಆಗುತ್ತಿರಲಿಲ್ಲ. ತಾರ್ಕೋವ್‌ಸ್ಕಿ ಮಾಡಿದ್ದು ಸೊಲಾರಿಸ್ ಅಲ್ಲ, ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಅಂತ ಹೇಳಿದ್ದರು. ಅಪ್ಪ, ಅಮ್ಮ, ಚಿಕ್ಕಮ್ಮ ಅಂತ ಸಂಸಾರ ತಂದು ತುಂಬಿದ್ದಕ್ಕೂ ಸಿಟ್ಟು. ಓದುವಾಗ ನಾನೂ ಲೆಮ್ ಕಡೆಯೇ. ಅಷ್ಟು ದೂರ ಹೋಗಿ ಮನೆ ನೆನೆದು ಅಳುವುದಾದರೆ ಹೋಗಿದ್ದು ಯಾಕೆ? ಪುಸ್ತಕದ ಕೊನೆಯಲ್ಲಿ ಕೆಲ್ವಿನ್ ಆ ಕಡಲಿಗೆ ಕೈ ಚಾಚುತ್ತಾನೆ. ಅಲೆ ಬಂದು ಕೈಯನ್ನು ಸುತ್ತುವರಿಯುತ್ತದೆ, ಆದರೆ ಮುಟ್ಟುವುದಿಲ್ಲ. ಅಷ್ಟೇ. ಸರಿಯಾದ ಕೊನೆ ಅದು.

ಸಿನಿಮಾದ ಕೊನೆಯನ್ನೂ ಹೇಳಿಬಿಡುತ್ತೇನೆ, ಬೈಬೇಡ. ಅವನು ಅಪ್ಪನ ಮನೆಗೆ ವಾಪಸ್ ಬಂದಿದ್ದಾನೆ. ಕಿಟಕಿಯಿಂದ ನೋಡಿದರೆ ಮಳೆ ಮನೆಯ ಒಳಗೆ ಬೀಳುತ್ತಿದೆ. ಅಪ್ಪನ ಬೆನ್ನ ಮೇಲೇ ನೀರು ಸುರಿಯುತ್ತಿದೆ, ಅವರಿಗೆ ಗೊತ್ತೇ ಆಗುತ್ತಿಲ್ಲ. ಆಮೇಲೆ ಕ್ಯಾಮೆರಾ ಮೇಲೆ ಮೇಲೆ ಹೋಗುತ್ತದೆ. ಆ ಮನೆ ಇರುವುದು ಅದೇ ಕಡಲ ನಡುವಿನ ದ್ವೀಪದಲ್ಲಿ. ಹೊರಗೆ ಬಂದ ಮೇಲೆ ನಾನು ಟ್ರಾಮ್ ಹತ್ತಲಿಲ್ಲ. ರೂಮಿನವರೆಗೂ ನಡೆದೇ ಹೋದೆ. ಪುಸ್ತಕವೇ ಮೇಲು ಅಂತ ಈಗಲೂ ವಾದ ಮಾಡುತ್ತೇನೆ. ಆದರೆ ಇನ್ನೊಮ್ಮೆ ನೋಡಿದ್ದು ಮಾತ್ರ ಸಿನಿಮಾವನ್ನೇ.

'ಡ್ಯೂನ್' ಎರಡನೇ ಭಾಗವನ್ನೂ ನೋಡಿದೆ, ಲ್ಯಾಪ್‌ಟಾಪಿನಲ್ಲಿ. ಇದೂ ಹೆಚ್ಚುಕಡಿಮೆ ಅಷ್ಟೇ ಉದ್ದ, ಎರಡೂಮುಕ್ಕಾಲು ಗಂಟೆ. ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಮರುದಿನ ನೆನಪಿದ್ದದ್ದು ಮರಳುಗಾಡಿನ ದೈತ್ಯ ಹುಳದ ಮೇಲಿನ ಸವಾರಿ ಮಾತ್ರ.

ಅಪ್ಪನಿಗೆ 'ದಿ ಮಾರ್ಷಿಯನ್' ತೋರಿಸು, 2015ರದ್ದು. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದವನು ಮಲವನ್ನೇ ಗೊಬ್ಬರ ಮಾಡಿ ಆಲೂಗಡ್ಡೆ ಬೆಳೆಯುತ್ತಾನೆ. ಅಮ್ಮ ಎದ್ದು ಹೋಗುತ್ತಾಳೆ, ಅಪ್ಪ ಗೊಬ್ಬರದ ಲೆಕ್ಕ ಕೇಳುತ್ತಾರೆ. ಶುರುವಿನ ಬಿರುಗಾಳಿ ಮಾತ್ರ ಸುಳ್ಳು. ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ರಾಕೆಟ್ ಬೀಳಿಸಲು ಎಲ್ಲಿಯ ಬಲ? ಕಾದಂಬರಿ ಬರೆದವರೇ ಇದನ್ನು ಒಪ್ಪಿಕೊಂಡಿದ್ದಾರೆ.

ಅಂದಹಾಗೆ, ಅಡುಗೆಮನೆ ಮೂಲೆಯಲ್ಲಿ ಸೋರುತ್ತಿದ್ದ ಹಂಚನ್ನು ಅಪ್ಪ ಬದಲಾಯಿಸಿದರಾ, ಇಲ್ಲ ಈ ಮಳೆಗಾಲವೂ ಕೊಳದಪ್ಪಲೆ ಇಟ್ಟೇ ಕಳೆದಿರಾ? ನಾನು ಮೇ ತಿಂಗಳಲ್ಲಿ ಬರುತ್ತೇನೆ. ಅವರನ್ನು ಏಣಿ ಹತ್ತಲು ಬಿಡಬೇಡ.

ನಿನ್ನ ತಮ್ಮ