ಶನಿವಾರ ಎಸ್‌ಡಿಎಂಸಿ ಸಭೆ – ತಾಯಂದಿರೂ ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಶಾಲೆ ಬಿಟ್ಟ ಮೇಲೆ, 12 ಗಂಟೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಇದೆ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಈಗ ಶೇಂಗಾ ಕೀಳುವ ಕಾಲ, ಕೂಲಿಯವರೂ ಸಿಗ್ತಿಲ್ಲ, ಗೊತ್ತು. ಆದರೂ ಒಂದು ಗಂಟೆ ಬಿಡುವು ಮಾಡಿಕೊಳ್ಳಿ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಿ, ಪೋಷಕರೇ ಇರಬೇಕು. ಅರ್ಧದಷ್ಟು ಹೆಂಗಸರು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಎಲ್ಲಿ ಖರ್ಚಾಯ್ತು ಅಂತ ನೋಡುವುದು ನಮ್ಮದೇ ಕೆಲಸ. ನಮ್ಮಲ್ಲಿ ಆಗುತ್ತಿರುವುದೇನು? ಪಟ್ಟಿಯಲ್ಲಿ ಹೆಂಡತಿ ಹೆಸರು, ಸಭೆಗೆ ಬರುವವರು ಗಂಡ. ಇದು ಸರಿಯಲ್ಲ, ಅಲ್ವಾ?

ಮಕ್ಕಳು ನಮಗಿಂತ ವಾಸಿ. ಮೊನ್ನೆ ಶಾಲಾ ಸಂಸತ್ತಿನ ಚುನಾವಣೆ ಮಾಡಿದರು. ಬೆರಳಿಗೆ ಶಾಯಿ, ರಟ್ಟಿನ ಡಬ್ಬದ ಮತಪೆಟ್ಟಿಗೆ, ಎಲ್ಲಾ ಇತ್ತು. ಸೋತ ಏಳನೇ ತರಗತಿ ಹುಡುಗಿ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಗೆದ್ದವನ ಹತ್ತಿರ ಹೋಗಿ, "ಹೆಣ್ಮಕ್ಕಳ ಶೌಚಾಲಯಕ್ಕೆ ನೀರು ಯಾವತ್ತು ಬರುತ್ತೆ?" ಎಂದು ಕೇಳಿದಳು. ಅವನು ಮೇಷ್ಟ್ರ ಮುಖ ನೋಡಿದ!

ಅದೇ ನೀರಿನ ವಿಷಯ ಶನಿವಾರ ಮೊದಲು ತೆಗೆದುಕೊಳ್ಳೋಣ. ಆಮೇಲೆ ಅನುದಾನದ ಲೆಕ್ಕ, ಬಿಸಿಯೂಟದ ಅಕ್ಕಿ. ಪಂಚಾಯ್ತಿಯವರು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಏನು ಕೇಳಬೇಕೆಂದು ಮಕ್ಕಳೇ ಹೇಳುತ್ತಾರೆ, ನಾವು ಮಧ್ಯೆ ಬಾಯಿ ಹಾಕುವುದು ಬೇಡ.

ಈ ಮೆಸೇಜಿಗೆ ಸುಮ್ನೆ ಹೆಬ್ಬೆರಳಿನ ಚಿತ್ರ (👍) ಹಾಕಬೇಡಿ. ಬರುವವರು "ಬರ್ತೀನಿ" ಅಂತ ಬರೆಯಿರಿ. ಮೊಬೈಲ್ ಇಲ್ಲದ ಪೋಷಕರಿಗೆ ಪಕ್ಕದ ಮನೆಯವರು ತಿಳಿಸಿ.