ಶಾಲೆಯ ಮಾಡಿನ (ಛಾವಣಿಯ) ಪುನರ್ನಿರ್ಮಾಣಕ್ಕೆ ಮನವಿ: ಅಗಲಿದ ನಮ್ಮ ಕಾರ್ಯದರ್ಶಿಗಳ ಸ್ಮರಣೆಯಲ್ಲಿ

ಶಾಲೆಯ ಹಿತೈಷಿಗಳಿಗೆ, ಹಳೆ ವಿದ್ಯಾರ್ಥಿಗಳಿಗೆ ಹಾಗೂ ಊರ ಬಂಧುಗಳಿಗೆ ಆಡಳಿತ ಮಂಡಳಿಯ ಗೌರವಪೂರ್ವಕ ನಮಸ್ಕಾರಗಳು.

ಸುಳ್ಯ ತಾಲೂಕಿನ ನಮ್ಮ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಯ ಪಶ್ಚಿಮ ಭಾಗದ ಮಾಡು ಕಳೆದ ಆಟಿ (ಜುಲೈ-ಆಗಸ್ಟ್) ತಿಂಗಳ ಒಂದು ರಾತ್ರಿ ಕುಸಿದು ಬಿದ್ದ ವಿಷಯ ತಮಗೆಲ್ಲ ತಿಳಿದಿದೆ. ಗೋಡೆಯೊಳಗೆ ಸೇರಿದ್ದ ಪಕ್ಕಾಸುಗಳ (ಮಾಡನ್ನು ಹೊರುವ ಮರದ ತೊಲೆಗಳ) ತುದಿಯನ್ನು ಒರಲೆ (ಗೆದ್ದಲು) ಒಳಗಿಂದೊಳಗೇ ತಿಂದಿದ್ದರಿಂದ ಹೊರಗಿನಿಂದ ನೋಡಿದವರಿಗೆ ಅದರ ಸುಳಿವೇ ಇರಲಿಲ್ಲ. ರಾತ್ರಿಯ ಹೊತ್ತಾದ್ದರಿಂದ ಮಕ್ಕಳಿಗೆ ಏನೂ ಆಗಲಿಲ್ಲ ಎಂಬುದು ದೇವರ ದಯೆ. ಅಂದಿನಿಂದ ಆರು ಮತ್ತು ಏಳನೆಯ ತರಗತಿಗಳು ರಂಗಮಂಟಪದ ಮೇಲೆ, ನಡುವೆ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿಕೊಂಡು ನಡೆಯುತ್ತಿವೆ. ರಂಗಮಂಟಪಕ್ಕೆ ಮೂರು ಬದಿಗಳಲ್ಲಿ ಗೋಡೆಯಿಲ್ಲ. ಬರುವ ಮಳೆಗಾಲವನ್ನು ಅಲ್ಲಿ ಕಳೆಯುವುದು ಸಾಧ್ಯವಿಲ್ಲದ ಮಾತಾದ್ದರಿಂದ, ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಹೊಸ ಮಾಡು ಏರಲೇಬೇಕಾಗಿದೆ.

ಈ ಕೆಲಸವನ್ನು ಮುಂದೆ ನಿಂತು ಮಾಡಿಸಬೇಕಾಗಿದ್ದ ನಮ್ಮ ಕಾರ್ಯದರ್ಶಿಗಳು ದೀಪಾವಳಿ ಕಳೆದ ಕೆಲವೇ ದಿನಗಳಲ್ಲಿ ನಮ್ಮನ್ನು ಅಗಲಿದರು. ತಮ್ಮ ಹೆಸರನ್ನು ಶಾಲೆಯ ಗೋಡೆಯ ಮೇಲಾಗಲಿ ಕಾಗದದ ಮೇಲಾಗಲಿ ಬರೆಸಬಾರದೆಂದು ಅವರು ಬದುಕಿದ್ದಾಗಲೇ ಮಂಡಳಿಯಿಂದ ಮಾತು ತೆಗೆದುಕೊಂಡಿದ್ದರು. ಆ ಮಾತಿಗೆ ಕಟ್ಟುಬಿದ್ದು ಇಲ್ಲಿಯೂ ನಾವು ಅವರ ಹೆಸರನ್ನು ಬರೆಯುತ್ತಿಲ್ಲ. ಶಾಲೆಯಜ್ಜ ಎಂದರೆ ಯಾರೆಂದು ಈ ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಹಂಚು ಕೈಯಾಡಿಸುವ (ಇಳಿಸಿ ಪರೀಕ್ಷಿಸಿ ಮತ್ತೆ ಹೊದಿಸುವ) ಕೆಲಸಕ್ಕೆ ಅವರು ಸ್ವತಃ ಏಣಿ ಹತ್ತುತ್ತಿದ್ದರು. ಕೆಳಗಿಳಿಸಿದ ಒಂದೊಂದು ಹಂಚನ್ನೂ ತೆಂಗಿನ ನಾರಿನಿಂದ ಉಜ್ಜಿ ಹಾವಸೆ ತೆಗೆದು, ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಗೆಣ್ಣಿನಿಂದ ತಟ್ಟುತ್ತಿದ್ದರು. ಠಣ್ ಎಂದರೆ ಅದು ಮತ್ತೆ ಮೇಲಕ್ಕೆ ಹೋಗುತ್ತಿತ್ತು, ಮಂಕಾಗಿ ಸದ್ದು ಮಾಡಿದರೆ ಕಣ್ಣಿಗೆ ಕಾಣದ ಬಿರುಕಿದೆಯೆಂದು ಬದಿಗಿಡುತ್ತಿದ್ದರು. ಹಂಚು ತೆಗೆದು ತಗಡಿನ ಶೀಟು ಹಾಕಿದರೆ ಖರ್ಚು ಕಡಿಮೆಯೆಂದು ಮಂಡಳಿಯಲ್ಲಿ ಮಾತು ಬಂದಾಗಲೆಲ್ಲ, ನಮ್ಮ ಕಡೆಯ ಮಳೆ ಶೀಟಿನ ಮೇಲೆ ಸುರಿಯುವಾಗ ಹಿಂದಿನ ಬೆಂಚಿನ ಮಗುವಿಗೆ ಟೀಚರ ಮಾತು ಕೇಳುವುದಿಲ್ಲ ಎಂದು ಅವರು ಒಪ್ಪುತ್ತಿರಲಿಲ್ಲ. ಅವರು ಹೇಳಿದ್ದು ಸರಿಯೆಂದೇ ನಾವು ಇಂದಿಗೂ ನಂಬಿದ್ದೇವೆ.

2018ರ ಆಗಸ್ಟ್ ತಿಂಗಳಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಕೊಡಗಿನ ಗಡಿಯ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಇಳಿದು ಬಂದಾಗ, ಕಲ್ಲುಗುಂಡಿ ಮತ್ತು ಅರಂತೋಡಿನ ಪರಿಹಾರ ಕೇಂದ್ರಗಳಿಗೆ ನಮ್ಮ ಊರಿನಿಂದ ಮೊದಲ ಜೀಪು ಹೋದದ್ದು ಅವರದೇ. ಕೊಳೆರೋಗ ತಡೆಯಲು ಅಡಿಕೆಗೆ ಎರಡನೆಯ ಸಲದ ಮದ್ದು ಬಿಡಬೇಕಾದ ದಿನಗಳವು. ಆ ಮದ್ದಿಗೆ ಬೇಕಾದ ಮೈಲುತುತ್ತು, ಸುಣ್ಣ ಎರಡೂ ಮನೆಗೆ ಬಂದು ಬಿದ್ದಿದ್ದರೂ ಅವರು ತೋಟದ ಕಡೆ ತಿರುಗಿ ನೋಡಲಿಲ್ಲ. ಕೊಳೆರೋಗ ಆ ವರ್ಷ ಅವರ ಫಸಲಿನ ಬಹುಪಾಲನ್ನು ಉದುರಿಸಿತು. ಅಷ್ಟಾದರೂ ಪ್ರತಿ ರಾತ್ರಿ ಎಷ್ಟೇ ತಡವಾದರೂ ಮನೆಗೆ ಮರಳುತ್ತಿದ್ದರು, ಏಕೆಂದರೆ ಮಗ ಬಂದು ಬಡಿಸದೆ ಅವರ ವೃದ್ಧ ತಾಯಿ ಊಟ ಮಾಡುತ್ತಿರಲಿಲ್ಲ. ಪತ್ನಿ ಹಾಸಿಗೆ ಹಿಡಿದ ವರ್ಷಗಳಲ್ಲಿ ಮೂವರು ಹೆಣ್ಣುಮಕ್ಕಳ ತಲೆ ಬಾಚಿ ಶಾಲೆಗೆ ಕಳುಹಿಸಿದವರೂ ಅವರೇ. ಸಮಾಜಸೇವೆ ಮಾಡುವವರು ಮನೆಯನ್ನು ಮರೆಯುತ್ತಾರೆಂಬ ಮಾತನ್ನು ಅವರ ಬಗ್ಗೆ ಯಾರೂ ಆಡುವಂತಿರಲಿಲ್ಲ.

65 ವರ್ಷ ತುಂಬಿ ರಕ್ತ ಕೊಡುವ ಅವಕಾಶ ಮುಗಿದ ಮೇಲೆ, ಊರಿನ ಯುವಕರನ್ನು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕರೆದೊಯ್ದು ರಕ್ತ ಕೊಡಿಸುತ್ತಿದ್ದರು. ಕಣ್ಣುಗಳನ್ನು ಮರಣದ ನಂತರ ಆರು ಗಂಟೆಗಳೊಳಗೆ ತೆಗೆಯಬೇಕೆಂಬುದನ್ನು ಅವರು ಮಕ್ಕಳಿಗೆ ಎಷ್ಟು ಸಲ ಹೇಳಿದ್ದರೆಂದರೆ, ಆ ದಿನ ಹಿರಿಯ ಮಗಳು ನೆಂಟರಿಗೆ ತಿಳಿಸುವ ಮೊದಲೇ ನೇತ್ರ ಬ್ಯಾಂಕಿಗೆ ಫೋನು ಮಾಡಿದರು.

ಅವರ ಮನಸ್ಸಿಗೆ ಹತ್ತಿರವಾಗಿದ್ದವರು ರಬ್ಬರ್ ತೋಟದ ಕಾಲನಿಯ ಮಕ್ಕಳು. ಭಾರತ ಮತ್ತು ಶ್ರೀಲಂಕಾ ನಡುವಿನ 1964ರ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿ ಬಂದು, ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ನೆಲೆಯಾದ ತಮಿಳು ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಇವರು. ಹೆತ್ತವರು ಬೆಳಕು ಹರಿಯುವ ಮೊದಲೇ ಟ್ಯಾಪಿಂಗಿಗೆ (ರಬ್ಬರ್ ಹಾಲು ತೆಗೆಯಲು) ಹೋಗುವುದರಿಂದ ಎಷ್ಟೋ ಮಕ್ಕಳು ಬರಿಹೊಟ್ಟೆಯಲ್ಲಿ ಶಾಲೆಗೆ ಬರುತ್ತಾರೆ. ಮಳೆ ಹಿಡಿದು ಟ್ಯಾಪಿಂಗ್ ನಿಂತರೆ ಮನೆಯಲ್ಲಿ ಕೂಲಿಯೂ ಇಲ್ಲ. ಆ ತಿಂಗಳುಗಳಲ್ಲಿ ಕೊಡೆ, ನೋಟ್ ಪುಸ್ತಕಗಳನ್ನು ಅವರು ಮುಖ್ಯೋಪಾಧ್ಯಾಯರ ಕೈಯಿಂದಲೇ ಕೊಡಿಸುತ್ತಿದ್ದರು, ಕೊಟ್ಟವರು ಯಾರೆಂದು ಮಕ್ಕಳಿಗೆ ತಿಳಿಯಬಾರದೆಂದು. ಮನೆಯಲ್ಲಿ ತಮಿಳು ಆಡುವ ಈ ಮಕ್ಕಳು ಪ್ರತಿಭಾ ಕಾರಂಜಿಯಲ್ಲಿ ಕನ್ನಡ ಭಾಷಣಕ್ಕೆ, ಕಂಠಪಾಠಕ್ಕೆ ಬಹುಮಾನ ತಂದಿದ್ದಾರೆ. ಇಲ್ಲಿ ಕಲಿತವರು ಇಂದು ದಾದಿಯರಾಗಿದ್ದಾರೆ, ಶಿಕ್ಷಕರಾಗಿದ್ದಾರೆ, ಸೇನೆಯಲ್ಲಿದ್ದಾರೆ. ನಮ್ಮ ಶಾರದಾ ಪೂಜೆಗೆ ಅವರೆಲ್ಲ ಊರಿಗೆ ಬರುವುದನ್ನು ನೋಡುವುದೇ ಒಂದು ಹೆಮ್ಮೆ.

ಮಾಡು ಬಿದ್ದ ಮೇಲೆ, ಕಾಯಿಲೆಯಲ್ಲಿದ್ದರೂ ಕಾರ್ಯದರ್ಶಿಗಳು ಕೋಲೂರಿಕೊಂಡು ಬಂದು ಅಳತೆ ತೆಗೆಸಿ, ಹಳೆಯ ಡೈರಿಯೊಂದರಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆದಿಟ್ಟಿದ್ದಾರೆ. ನಮ್ಮ ಕೈಯಲ್ಲಿರುವ ಅಂದಾಜು ಅದೇ. ಮರದ ಪಕ್ಕಾಸು, ರೀಪುಗಳ (ಹಂಚು ಕೂರುವ ಪಟ್ಟಿಗಳ) ಬದಲು ಕಬ್ಬಿಣದ ಚೌಕಟ್ಟು ಹಾಕಿ ಅದರ ಮೇಲೆ ಹಂಚು ಹೊದಿಸುವುದು ಅವರ ಯೋಜನೆ. ಮಾಡಿನ ವಿಸ್ತೀರ್ಣ ಸುಮಾರು 25 ಚದರ (ಒಂದು ಚದರವೆಂದರೆ 100 ಚದರಡಿ), ಚದರವೊಂದಕ್ಕೆ ಸುಮಾರು 150 ಹಂಚು ಬೇಕು. ಬಿದ್ದವುಗಳಲ್ಲಿ ಅರ್ಧದಷ್ಟು ಹಂಚುಗಳು ಇನ್ನೂ ಗಟ್ಟಿಯಾಗಿವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಹಳೆಯ ಕಾರ್ಖಾನೆಗಳು ಹೆಚ್ಚಿನವು ಮುಚ್ಚಿರುವುದರಿಂದ ಉಳಿದ ಅರ್ಧವನ್ನು ಹೊಂದಿಸುವುದೇ ಕಷ್ಟವಾಗಿದೆ. ಮನೆಯ ಹಳೆಯ ಮಾಡು ಬಿಚ್ಚಿ ತಾರಸಿ ಮಾಡಿಸುವವರು ಒಳ್ಳೆಯ ಹಂಚುಗಳನ್ನು ಶಾಲೆಗೆ ಕೊಟ್ಟರೆ ಅದನ್ನೂ ದೇಣಿಗೆಯೆಂದೇ ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ. ಒಟ್ಟು ಖರ್ಚು ಹನ್ನೆರಡರಿಂದ ಹದಿನಾಲ್ಕು ಲಕ್ಷ ರೂಪಾಯಿ ಆಗಬಹುದು. ಈವರೆಗೆ ಅದರ ಮೂರನೆಯ ಒಂದು ಭಾಗವಷ್ಟೇ ಕೂಡಿದೆ.

ದೇಣಿಗೆಯನ್ನು ಶಾಲೆಯ ಟ್ರಸ್ಟಿನ ಹೆಸರಿನಲ್ಲಿ ಚೆಕ್ ಮೂಲಕ ಅಥವಾ ಬ್ಯಾಂಕ್ ಖಾತೆಗೆ ನೇರವಾಗಿ ಸಲ್ಲಿಸಬಹುದು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಅದಕ್ಕೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲವೆಂಬುದನ್ನು ಗಮನಿಸಬೇಕಾಗಿ ವಿನಂತಿ. ವಿದೇಶದಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಇಲ್ಲಿಯ ಬ್ಯಾಂಕ್ ಖಾತೆಯಿಂದ ಕಳುಹಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ಹಣ ಸ್ವೀಕರಿಸಲು ಬೇಕಾದ ನೋಂದಣಿ ನಮ್ಮಲ್ಲಿಲ್ಲ. ಹಣ ಕೊಡಲಾಗದವರು ಏಪ್ರಿಲ್ ಎರಡನೆಯ ವಾರದಿಂದ ಪ್ರತಿ ಭಾನುವಾರ ನಡೆಯುವ ಶ್ರಮದಾನಕ್ಕೆ ಬಂದು, ಅಂಗಳದಲ್ಲಿ ಪೇರಿಸಿಟ್ಟಿರುವ ಹಂಚುಗಳನ್ನು ತೊಳೆದು ಆಯ್ದು ಕೊಡಬಹುದು. ಮಧ್ಯಾಹ್ನದ ಊಟ ಶಾಲೆಯಲ್ಲಿಯೇ ಇದೆ. ಕಬ್ಬಿಣದ ಕೆಲಸದವರಿಗೆ ಯುಗಾದಿಯೊಳಗೆ ಮುಂಗಡ ಕೊಡಬೇಕಾಗಿರುವುದರಿಂದ ತಮ್ಮ ಕೈಲಾದುದನ್ನು ಅದಕ್ಕೆ ಮುಂಚಿತವಾಗಿ ತಲುಪಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇವೆ.

ಆಡಳಿತ ಮಂಡಳಿಯ ಪರವಾಗಿ,
ಅಧ್ಯಕ್ಷರು ಮತ್ತು ವಿಶ್ವಸ್ತರು